ಬೀದರ ಸೀಮೆಯ ಬಿತ್ತನೆಯ ಬೀಜ

ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರದಲ್ಲಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ವಿದ್ಯಾಲಯವನ್ನು ನೋಡಲು ಜನರು ದೂರದಿಂದ ಬರುವರು. ಆ ಪಟ್ಟಣಕ್ಕೆ ಅನ್ನವಿಕ್ಕಿದ ಹೊಲಗಳ ಚರಿತ್ರೆಯನ್ನು ಕೇಳುವವರು ವಿರಳ.

ಬೀದರ ಪಟ್ಟಣವು ಜಂಬಿಟ್ಟಿಗೆಯ ಕೆಂಪು ದಿಣ್ಣೆಯ ಮೇಲಿರುವುದು. ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ಎರೆಭೂಮಿಯೇ ಹೆಚ್ಚು. ಮಳೆಯನ್ನು ನಂಬಿದ ಈ ನೆಲದಲ್ಲಿ ಒಂದೇ ಬೆಳೆಯನ್ನು ನಂಬಲಾಗದೆಂದು ಪೂರ್ವಿಕರು ಅರಿತಿದ್ದರು. ಮುಂಗಾರಿಗೆ ಹೆಸರು, ಉದ್ದು, ಜೋಳದ ನಡುವೆ ತೊಗರಿಯ ಸಾಲು. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಒಂದು ಕೆಟ್ಟರೆ ಮತ್ತೊಂದು ಕೈಹಿಡಿಯುತ್ತಿದ್ದಿತು. ಜೋಳದ ದಂಟು ದೇವಣಿ ದನಗಳಿಗೆ ಮೇವಾಗಿ, ದನದ ಗೊಬ್ಬರವು ಹೊಲಕ್ಕೆ ಮರಳುತ್ತಿದ್ದಿತು.

ಬೀಜವನ್ನು ಕಾಯುವ ಭಾರವು ಬಹುಮಟ್ಟಿಗೆ ಹೆಂಗಸರದು. ಒಳ್ಳೆಯ ತೆನೆಗಳನ್ನು ಆರಿಸಿ, ಒಣಗಿಸಿ, ಕಾಳಿಗೆ ಬೂದಿಯನ್ನೂ ಬೇವಿನ ಎಲೆಯನ್ನೂ ಬೆರೆಸಿ ಮಡಕೆಯಲ್ಲಿಡುವುದು ರೂಢಿ. ಹಸಿವಿದ್ದರೂ ಆ ಮಡಕೆಯನ್ನು ಮುಟ್ಟಬಾರದು. ಬರಗಾಲದಲ್ಲಿ ಮಾತ್ರ ಈ ನಿಯಮವು ಮುರಿಯುತ್ತಿದ್ದಿತು. ಬೀಜವನ್ನು ಉಂಡವನಿಗೆ ಸಾಹುಕಾರನ ಬಾಗಿಲೇ ಗತಿ. ಪಡೆದ ಕಾಳಿಗೆ ಕಾಲುಪಾಲು ಕೂಡಿಸಿ ತೀರಿಸಿದರೆ ಸವಾಯಿ. ಅರ್ಧಪಾಲು ಕೂಡಿಸಿದರೆ ದೀಡಪಟ್ಟು. ಹೀಗೆ ಬೀಜದ ಸಾಲವು ಸುಗ್ಗಿಯನ್ನು ನುಂಗುತ್ತಿದ್ದಿತು.

1963ರಲ್ಲಿ ರಾಷ್ಟ್ರೀಯ ಬೀಜ ನಿಗಮವು ಸ್ಥಾಪಿತವಾಯಿತು. 1964ರಲ್ಲಿ ಜೋಳದ ಮೊದಲನೆಯ ಸಂಕರ ತಳಿಯಾದ ಸಿ.ಎಸ್.ಎಚ್.-1 ಹೊರಬಂದಿತು. ಇಳುವರಿ ಹೆಚ್ಚಿದುದು ನಿಜ. ಆದರೆ ಸಂಕರ ಬೀಜದ ಗುಣವು ಮರುಬಿತ್ತನೆಯಲ್ಲಿ ನಿಲ್ಲದು. ಆದುದರಿಂದ ವರ್ಷವರ್ಷವೂ ಕೊಳ್ಳಬೇಕಾಯಿತು. ಈಚಿನ ದಶಕಗಳಲ್ಲಿ ಸೋಯಾ ಅವರೆಯು ಹಬ್ಬಿ ಜೋಳದ ಹೊಲಗಳು ಕುಗ್ಗಿದುವು. ಸೋಯಾ ಬೀಜವನ್ನು ಮನೆಯಲ್ಲಿಡಬಹುದಾದರೂ ಅದರ ಸಿಪ್ಪೆಯು ತೆಳುವು. ಮೊಳೆಯುವ ಶಕ್ತಿಯು ಬೇಗನೆ ಕುಂದುವುದು. ಜೋಳದೊಡನೆ ಮೇವೂ, ಮೇವಿನೊಡನೆ ದನವೂ, ದನದೊಡನೆ ಗೊಬ್ಬರವೂ ಕಡಮೆಯಾಗುವುದು ಸಹಜ.

ಇದಕ್ಕೆ ಪ್ರತಿಯಾದ ಪ್ರಯತ್ನವು ನೆರೆಯಲ್ಲಿಯೇ ನಡೆದಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೆ ಸೇರಿದ್ದ ಜಹೀರಾಬಾದದ ಸೀಮೆಯಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಕೆಲಸಮಾಡುತ್ತ ಬಂದಿವೆ. ಬಡ ದಲಿತ ಹೆಂಗಸರು ಸಿರಿಧಾನ್ಯ, ಬೇಳೆಕಾಳುಗಳ ನಾಟಿ ಬೀಜಗಳನ್ನು ಕೂಡಿಟ್ಟರು. ಒಯ್ದವರು ಸುಗ್ಗಿಯಲ್ಲಿ ಹೆಚ್ಚಿನ ಕಾಳನ್ನು ಮರಳಿಸುವರು. ಸಾಹುಕಾರನ ಮನೆಗೆ ಹೋಗುತ್ತಿದ್ದ ಬಡ್ಡಿಯು ಇಲ್ಲಿ ಸಂಘದ ಬೀಜವೇ ಆಗಿ ಬೆಳೆಯುವುದು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಈ ಸಂಸ್ಥೆಗೆ ಸಂದಿತು.

2001ರ ಸಸ್ಯತಳಿ ಹಾಗೂ ರೈತರ ಹಕ್ಕುಗಳ ಸಂರಕ್ಷಣೆಯ ಶಾಸನವು ರೈತನಿಗೆ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ಕೊಟ್ಟಿದೆ. ಮುದ್ರೆಯೊತ್ತಿದ ಬೀಜವೆಂದು ಮಾರಬಾರದೆಂಬುದೊಂದೇ ಕಟ್ಟು. ಆದರೆ ಉಳಿಸುವ ಕೈಗಳಿಲ್ಲದಿದ್ದರೆ ಹಕ್ಕಿನಿಂದ ಫಲವಿಲ್ಲ. ಎಳ್ಳಮಾವಾಸ್ಯೆಯ ದಿನ ಭಾಲ್ಕಿ, ಔರಾದದ ಹೊಲಗಳಲ್ಲಿ ಬಡಿಸುವ ಭಜ್ಜಿಯಲ್ಲಿ ಹಲವು ಕಾಳುಗಳು, ಹಲವು ಸೊಪ್ಪುಗಳು ಕೂಡಿರುವುವು. ಆ ಕಾಳುಗಳು ಅದೇ ಹೊಲದವಾಗಿರಬೇಕೋ ಪೇಟೆಯಿಂದ ಬರಬೇಕೋ ಎಂಬುದನ್ನು ನಿರ್ಣಯಿಸುವುದು ಮನೆಯ ಬೀಜದ ಮಡಕೆಯೇ.