ಮಗು ಉಪ್ಪು ಉಪ್ಪು ಅಂತಿದ್ಯಾ? ಬೈಯುವ ಮೊದಲು ಇದನ್ನು ಓದಿ

ಮಡಿಕೇರಿ: ಉಪ್ಪಿನಕಾಯಿ, ಚಿಪ್ಸ್ ಅಂದ್ರೆ ಮಕ್ಕಳಿಗೆ ಇಷ್ಟ. ಅದು ಕಾಯಿಲೆ ಅಲ್ಲ. ಆದರೆ ಮಗು ಡಬ್ಬಿಯಿಂದ ಉಪ್ಪನ್ನೇ ತೆಗೆದು ತಿನ್ನುತ್ತಾ, ಊಟ ಸೇರದೆ, ತೂಕ ಇಳಿಯುತ್ತಿದ್ದರೆ ತಡ ಮಾಡಬೇಡಿ.

ಕಾರಣವೇನು?
ಎರಡೂ ಕಿಡ್ನಿಗಳ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಇವು ತಯಾರಿಸುವ ಅಲ್ಡೋಸ್ಟೆರೋನ್ ಹಾರ್ಮೋನ್ ದೇಹದಲ್ಲಿ ಸೋಡಿಯಂ ಉಳಿಸಿ, ಪೊಟ್ಯಾಸಿಯಂ ಹೊರಹಾಕುತ್ತದೆ. ಇದು ಕಡಿಮೆಯಾದ್ರೆ ಉಪ್ಪು, ನೀರು ಮೂತ್ರದಲ್ಲಿ ಹೋಗುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ.

1940ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಮೂರೂವರೆ ವರ್ಷದ ಬಾಲಕ ಮನೆಯಲ್ಲಿ ಉಪ್ಪು ತಿಂದೇ ಜೀವ ಉಳಿಸಿಕೊಂಡಿದ್ದ. ಆಸ್ಪತ್ರೆಯ ಮಾಮೂಲಿ ಊಟ ಶುರುವಾದ ಕೆಲವೇ ದಿನಗಳಲ್ಲಿ ತೀರಿಕೊಂಡ.

ಲಕ್ಷಣಗಳು
ಸುಸ್ತು, ಪದೇ ಪದೇ ವಾಂತಿ, ಎದ್ದು ನಿಂತರೆ ತಲೆಸುತ್ತು, ಬೆರಳ ಗೆಣ್ಣು ಮತ್ತು ವಸಡು ಕಪ್ಪಾಗುವುದು. ಹುಟ್ಟಿನಿಂದಲೇ ತೊಂದರೆಯಿದ್ದರೆ ಸಾಮಾನ್ಯವಾಗಿ ಮೊದಲ 1ರಿಂದ 3 ವಾರಗಳಲ್ಲೇ ಮಗು ಹಾಲು ಬಿಟ್ಟು, ವಾಂತಿ ಮಾಡಿ ಸೊರಗುತ್ತದೆ.

ಏನು ಮಾಡಬೇಕು?
ಉಪ್ಪು ತಿನ್ನುವ ವಿಷಯವನ್ನು ಮಕ್ಕಳ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಸೋಡಿಯಂ, ಪೊಟ್ಯಾಸಿಯಂ, ಕಾರ್ಟಿಸೋಲ್ ಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಬರೀ ಉಪ್ಪು ಸಾಲದು. ಹೈಡ್ರೋಕಾರ್ಟಿಸೋನ್, ಫ್ಲುಡ್ರೋಕಾರ್ಟಿಸೋನ್ ಮಾತ್ರೆ ಬೇಕಾಗುತ್ತದೆ. ಇವನ್ನು ದಿಢೀರ್ ನಿಲ್ಲಿಸಬಾರದು. ಜ್ವರ ಬಂದರೆ ಡೋಸ್ ಎಷ್ಟು ಹೆಚ್ಚಿಸಬೇಕೆಂದು ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು, ತಕ್ಷಣ ಆಸ್ಪತ್ರೆಗೆ ಹೋಗಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜಿಲ್ಲೆಯ ರಸ್ತೆಗಳು ಬಂದ್ ಆಗಿದ್ದು ನೆನಪಿರಲಿ. ಇಂಥ ಮಗು ಇರುವ ಮನೆಯವರು ಮಳೆಗಾಲಕ್ಕೆ ಮುಂಚೆಯೇ ಮಾತ್ರೆ ತಂದಿಡಿ.