ಗಡಸು ಸಾರ್ಜೆಂಟ್ (ಯುದ್ಧ ಚಲನಚಿತ್ರಗಳಲ್ಲಿ)

ಶಿಸ್ತಿಲ್ಲದ ಯುವಕರನ್ನು ಗದರಿಸಿ, ದಣಿಸಿ, ಸೈನಿಕರನ್ನಾಗಿ ರೂಪಿಸುವ ಅನುಭವಿ ಸೇನಾನಿಯ ಪಾತ್ರಮಾದರಿ. ಭಾರತದ ಭೂಸೇನೆಯಲ್ಲಿ ಸಾರ್ಜೆಂಟ್‌ಗೆ ಸಮಾನವಾದ ಹುದ್ದೆ ಹವಾಲ್ದಾರ. ತರಬೇತಿ ಕೊಡುವವನನ್ನು ಸೈನಿಕರು ‘ಉಸ್ತಾದ್’ ಎನ್ನುತ್ತಾರೆ.

ಹಾಲಿವುಡ್‌ನಲ್ಲಿ ಈ ಮಾದರಿಗೆ ಗಟ್ಟಿ ರೂಪ ಕೊಟ್ಟದ್ದು ‘ಸ್ಯಾಂಡ್ಸ್ ಆಫ್ ಈವೊ ಜಿಮಾ’ (1949) ಚಿತ್ರದಲ್ಲಿ ಜಾನ್ ವೇಯ್ನ್ ನಟಿಸಿದ ಸಾರ್ಜೆಂಟ್ ಸ್ಟ್ರೈಕರ್. ‘ಹಾರ್ಟ್‌ಬ್ರೇಕ್ ರಿಡ್ಜ್’ನಲ್ಲಿ (1986) ಕ್ಲಿಂಟ್ ಈಸ್ಟ್‌ವುಡ್ ಅದನ್ನೇ ಮುಂದುವರಿಸಿದರು. ಕಥೆಯ ಹಂತಗಳು ಸಾಮಾನ್ಯವಾಗಿ ಒಂದೇ: ಮೊದಲು ದ್ವೇಷ, ಬಳಿಕ ಗೌರವ, ಕೊನೆಗೆ ರಣರಂಗದಲ್ಲಿ ಪಾಠದ ಪರೀಕ್ಷೆ. ಸ್ಟ್ಯಾನ್ಲಿ ಕುಬ್ರಿಕ್‌ರ ‘ಫುಲ್ ಮೆಟಲ್ ಜಾಕೆಟ್’ (1987) ಗದರಿಸಿ ದಣಿಸಿದರೆ ಒಳ್ಳೆಯ ಸೈನಿಕ ರೂಪುಗೊಳ್ಳುತ್ತಾನೆ ಎಂಬ ನಂಬಿಕೆಯನ್ನೇ ಬುಡಮೇಲು ಮಾಡಿತು. ಅಲ್ಲಿ ಕ್ರೌರ್ಯಕ್ಕೆ ನಲುಗಿದ ಶಿಬಿರಾರ್ಥಿಯೇ ತರಬೇತುದಾರನನ್ನು ಕೊಲ್ಲುತ್ತಾನೆ. ಆ ತರಬೇತುದಾರನಾಗಿ ನಟಿಸಿದ ಆರ್. ಲೀ ಅರ್ಮೆ ಹಿಂದೆ ನಿಜವಾಗಿಯೂ ನೌಕಾ ಪದಾತಿದಳದಲ್ಲಿ ಡ್ರಿಲ್ ಕಲಿಸಿದವರು.

ಭಾರತೀಯ ಚಿತ್ರಗಳಲ್ಲಿ ಈ ಕೆಲಸ ಹೆಚ್ಚಾಗಿ ಅಧಿಕಾರಿಯ ಪಾಲಾಗಿದೆ. ನಾನಾ ಪಾಟೇಕರ್ ನಿರ್ದೇಶಿಸಿ ನಟಿಸಿದ ಹಿಂದಿಯ ‘ಪ್ರಹಾರ್’ನಲ್ಲಿ (1991) ಕಮಾಂಡೊಗಳನ್ನು ಪಳಗಿಸುವವನು ಮೇಜರ್ ಚೌಹಾಣ್. ರಾಜೇಂದ್ರಸಿಂಗ್ ಬಾಬು ಅವರ ಕನ್ನಡ ಚಿತ್ರ ‘ಮುತ್ತಿನ ಹಾರ’ದ (1990) ಕೇಂದ್ರದಲ್ಲಿಯೂ ಇರುವುದು ವಿಷ್ಣುವರ್ಧನ್ ನಟಿಸಿದ ಕೊಡವ ಸೇನಾಧಿಕಾರಿ, ಆದರೆ ಅದರ ಒತ್ತು ತರಬೇತಿಗಿಂತ ಕುಟುಂಬ ತೆರುವ ಬೆಲೆಯ ಮೇಲಿದೆ.