ವರ್ಧಿತ ವಾಸ್ತವ (ಶಸ್ತ್ರಚಿಕಿತ್ಸೆಯಲ್ಲಿ)

ರೋಗಿಯ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಗಳಿಂದ ಕಟ್ಟಿದ ಮಾದರಿಯನ್ನು, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ದೇಹದ ಮೇಲೆ ಸರಿಯಾದ ಜಾಗದಲ್ಲಿ ಶಸ್ತ್ರವೈದ್ಯರಿಗೆ ಕಾಣಿಸುವ ತಂತ್ರ. ಚಿತ್ರವು ಸೂಕ್ಷ್ಮದರ್ಶಕದೊಳಗೆ, ಲ್ಯಾಪರೊಸ್ಕೋಪಿಯ ಪರದೆಯ ಮೇಲೆ ಇಲ್ಲವೇ ತಲೆಗೆ ಧರಿಸುವ ಪಾರದರ್ಶಕ ಕನ್ನಡಕದಲ್ಲಿ ಮೂಡುತ್ತದೆ.

ಇತಿಹಾಸ

ಇದರ ಬೇರು ನರಶಸ್ತ್ರಚಿಕಿತ್ಸೆಯಲ್ಲಿದೆ. ಮಿದುಳಿನ ಆಳದಲ್ಲಿ ಗುರಿ ಹಿಡಿಯಲು ತಲೆಬುರುಡೆಗೆ ಲೋಹದ ಚೌಕಟ್ಟು ಬಿಗಿಯುತ್ತಿದ್ದ ಕಾಲದಲ್ಲಿ, ಅಮೆರಿಕದ ಡಾರ್ಟ್‌ಮತ್‌ನ ಡೇವಿಡ್ ರಾಬರ್ಟ್ಸ್ ಮತ್ತು ಸಂಗಡಿಗರು ಚೌಕಟ್ಟನ್ನೇ ಕೈಬಿಟ್ಟರು. ಸಿ.ಟಿ.ಯಲ್ಲಿ ಕಂಡ ಗೆಡ್ಡೆಯ ಅಂಚನ್ನು ಸೂಕ್ಷ್ಮದರ್ಶಕದ ನೋಟದೊಳಗೇ ರೇಖೆಯಾಗಿ ತೋರಿಸಿದ ಅವರ ವರದಿ 1986ರಲ್ಲಿ ಪ್ರಕಟವಾಯಿತು. ಸೂಕ್ಷ್ಮದರ್ಶಕ ಎಲ್ಲಿದೆ, ಎತ್ತ ವಾಲಿದೆ ಎಂಬುದನ್ನು ಅವರು ಅಳೆದದ್ದು ಶ್ರವಣಾತೀತ ಶಬ್ದದಿಂದ; ಶಬ್ದ ಮೈಕ್ರೊಫೋನುಗಳನ್ನು ಮುಟ್ಟಲು ಹಿಡಿದ ಸಮಯವೇ ದೂರದ ಅಳತೆ. ಆದರೆ ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಲೆಕ್ಕ ಹಾಕಿದರೆ 1 ಮೀಟರ್ ದೂರಕ್ಕೆ ಸುಮಾರು 1.7 ಮಿ.ಮೀ. ವ್ಯತ್ಯಾಸ. ದೃಷ್ಟಿನರದ ಪಕ್ಕದಲ್ಲಿ ಇದು ಸಣ್ಣದಲ್ಲ. ಮುಂದೆ ಇನ್‌ಫ್ರಾರೆಡ್ ಕ್ಯಾಮೆರಾಗಳು ಆ ಕೆಲಸವನ್ನು ವಹಿಸಿಕೊಂಡವು.

1992ರಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡವೊಂದು ಗರ್ಭಿಣಿಯ ಅಲ್ಟ್ರಾಸೌಂಡ್ ಚಿತ್ರವನ್ನು ಆಕೆಯ ಹೊಟ್ಟೆಯ ಮೇಲೇ ಕಾಣಿಸಿತು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆಂದು ಆಗ್‌ಮೆಡಿಕ್ಸ್ ಕಂಪನಿ ತಯಾರಿಸಿದ ತಲೆಗನ್ನಡಕಕ್ಕೆ ಅಮೆರಿಕದಲ್ಲಿ 2019ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. 2020ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಅದನ್ನು ಧರಿಸಿ ರೋಗಿಯ ಕಶೇರುಗಳಿಗೆ ತಿರುಪು ಕೂರಿಸಿದರು.

ಹೊಂದಾಣಿಕೆ

ಚಿತ್ರದ ಬಿಂದುಗಳನ್ನು ದೇಹದ ಬಿಂದುಗಳಿಗೆ ಕೂಡಿಸುವ ಈ ಹಂತವೇ ತಂತ್ರದ ತಿರುಳು. ಚಿತ್ರ ಎಷ್ಟು ಸ್ಫುಟವಾಗಿದ್ದರೂ ತಪ್ಪು ಜಾಗದಲ್ಲಿ ಕೂತರೆ ಅದು ಅಪಾಯ. ಮೂಳೆ ತನ್ನ ಆಕಾರ ಬಿಡದ ಕಾರಣ ಬೆನ್ನುಮೂಳೆ ಮತ್ತು ತಲೆಬುರುಡೆಗಳಲ್ಲಿ ಹೊಂದಾಣಿಕೆ ಹೆಚ್ಚು ನಂಬಲರ್ಹ. ಯಕೃತ್ತು ಪ್ರತಿ ಉಸಿರಿಗೂ ಸರಿಯುತ್ತದೆ. ಬುರುಡೆ ತೆರೆದು ದ್ರವ ಹರಿದ ಮೇಲೆ ಮಿದುಳು ಕುಸಿಯುತ್ತದೆ, ಕೆಲವೊಮ್ಮೆ 1 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು. ಬೆಳಿಗ್ಗೆ ತೆಗೆದ ಎಂ.ಆರ್.ಐ. ಆಗ ಹಳೆಯ ನಕ್ಷೆ. ಶಸ್ತ್ರಚಿಕಿತ್ಸೆಯ ನಡುವೆ ಮತ್ತೆ ಅಲ್ಟ್ರಾಸೌಂಡ್ ತೆಗೆದು ಮಾದರಿಯನ್ನು ತಿದ್ದುವುದು ಒಂದು ಪರಿಹಾರ.

ಮಿತಿಗಳು

ಹೊಲೊಲೆನ್ಸ್‌ನಂಥ ಸಾಮಾನ್ಯ ಬಳಕೆಯ ತಲೆಗನ್ನಡಕಗಳ ಚಿತ್ರ ಸುಮಾರು 2 ಮೀಟರ್ ದೂರಕ್ಕೆ ನಾಭಿಗೊಂಡಿರುತ್ತದೆ. ಶಸ್ತ್ರವೈದ್ಯರ ಕೆಲಸ ತೋಳಿನಳತೆಯಲ್ಲಿ. ಹೀಗಾಗಿ ಗಾಯವೂ ಚಿತ್ರವೂ ಒಟ್ಟಿಗೆ ಸ್ಪಷ್ಟವಾಗುವುದು ಕಷ್ಟ. ಇದಕ್ಕಿಂತ ಗಂಭೀರವಾದದ್ದು ಗಮನದ ಪ್ರಶ್ನೆ. ಶವದ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಎಂಡೊಸ್ಕೋಪಿ ಪ್ರಯೋಗವೊಂದರಲ್ಲಿ, ವರ್ಧಿತ ಚಿತ್ರವಿದ್ದ ವೈದ್ಯರು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು. ಆದರೆ ಕಣ್ಣೆದುರೇ ಇದ್ದ ಅನಿರೀಕ್ಷಿತ ವಸ್ತುವನ್ನು ಗುರುತಿಸದೆ ಹೋದವರು ಅವರಲ್ಲೇ ಹೆಚ್ಚು.